ಪಿಸ್ಟನ್ನಿನ ನೆತ್ತಿ ಸವರುವ ಕೈ

ಬೆಳಕು ಹರಿಯುವ ಹೊತ್ತು. ಶೆಡ್ಡಿನ ಕಿಟಕಿಯ ಬಳಿ ಮೇಸ್ತ್ರಿ ಪಿಸ್ಟನ್ನಿನ ನೆತ್ತಿಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದಾರೆ, ಎಳೆಗೂಸಿನ ತಲೆ ಸವರಿದ ಹಾಗೆ. ಬೆರಳು ಒಂದು ಕಡೆ ನಿಲ್ಲುತ್ತದೆ. ಅಲ್ಲಿ ಅಂಚು ಚೂಪಾಗಿದೆ. "ಇದೇ ಕಳ್ಳ," ಎಂದು ಸಣ್ಣ ಅರ ಕೈಗೆತ್ತಿಕೊಳ್ಳುತ್ತಾರೆ.

ಅರವತ್ತಮೂರರ ಮೇಸ್ತ್ರಿಗೆ ಇಂಜಿನ್ ರಿಪೇರಿ ನಲವತ್ತೊಂದು ವರ್ಷದ ಕಸುಬು. ಇಂಜಿನ್ನಿನ ಸದ್ದೇ ಅವರ ಕಿವಿಯನ್ನು ತಿಂದುಹಾಕಿದೆ. ಎಂಟು ವರ್ಷದಿಂದ ಏನೂ ಕೇಳಿಸದು. ಕಿವುಡನ ಕೈಗೆ ಇಂಜಿನ್ ಕೊಡುವವರು ಯಾರು? ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಮೂರು ತಿಂಗಳು ಶೆಡ್ಡಿಗೆ ಬೀಗ ಬಿತ್ತು. ಒಂದು ದಿನ ಹೆಂಡತಿಯೇ ಬೀಗದ ಕೈ ಹಿಡಿದು ಎದುರು ನಿಂತರು. ತುಟಿಯ ಚಲನೆ ತಿಳಿಯುವಂತೆ ನಿಧಾನವಾಗಿ, "ಕೈ ನಿಮ್ದು, ಕಿವಿ ನಂದು. ನಡೀರಿ," ಅಂದರಂತೆ. ಈಗ ಇಬ್ಬರೂ ಸೇರಿ ತಿಂಗಳಿಗೆ ಐದಾರು ಇಂಜಿನ್ ಎಬ್ಬಿಸುತ್ತಾರೆ.

ಈ ವಾರ ಬಂದಿರುವುದು ಆಸ್ಪತ್ರೆಯ ಪೆಟ್ರೋಲ್ ಆಂಬುಲೆನ್ಸ್. ಬಲ ಹೆಚ್ಚಲೆಂದು ಯಾರೋ ನೆತ್ತಿ ಉಬ್ಬಿದ ಪಿಸ್ಟನ್ ಹಾಕಿದ್ದರು. ಏರುದಾರಿಯಲ್ಲಿ ಒಂದು ಪಿಸ್ಟನ್ ತೂತು ಬಿದ್ದು, ರೋಗಿಯ ಸಮೇತ ಗಾಡಿ ನಡುರಸ್ತೆಯಲ್ಲಿ ನಿಂತುಬಿಟ್ಟಿತ್ತು.

"ನೆತ್ತಿ ಉಬ್ಬಿದಷ್ಟೂ ಮೇಲೆ ಜಾಗ ಕಮ್ಮಿ. ಗಾಳಿ, ಪೆಟ್ರೋಲು ಜಾಸ್ತಿ ಒತ್ತಿಕೊಂಡು ಬಿಸಿಯಾಗ್ತವೆ. ಒಂದು ಮಿತಿವರೆಗೆ ಅದೇ ಬಲ. ಮೀರಿದ್ರೆ, ಕಿಡಿಯ ಬೆಂಕಿ ತಲುಪೋ ಮೊದಲೇ ಮೂಲೇಲಿರೋದು ತಾನಾಗೇ ಸಿಡಿಯುತ್ತೆ. ಪಿಸ್ಟನ್‌ಗೆ ಸುತ್ತಿಗೆ ಏಟು ಬಿದ್ದಂಗೆ," ಎನ್ನುತ್ತಾರೆ ಮೇಸ್ತ್ರಿ.

ತೂತು ಬಿದ್ದದ್ದರ ಬದಲು ಹೊಸದು ತಂದು, ನಾಲ್ಕೂ ಪಿಸ್ಟನ್ನುಗಳ ಉಬ್ಬನ್ನು ಲೇತ್ ಯಂತ್ರದಲ್ಲಿ ಹೆರೆದು ಇಳಿಸಿದ್ದಾರೆ. ಮೇಲೆ ಉಳಿದ ಜಾಗ ನಾಲ್ಕು ಕಡೆಯೂ ಒಂದೇ ಇದೆಯೇ ಎಂದು ಸಿರಿಂಜಿನಿಂದ ಎಣ್ಣೆ ತುಂಬಿ ಅಳೆದಿದ್ದಾರೆ. ನಿನ್ನೆ ಅದೇ ಏರಿನಲ್ಲಿ ಗಾಡಿ ಓಡಿಸಿದಾಗ ಚಾಲಕ, "ಬೆಣ್ಣೆ ಥರ ಇದೆ, ಕೊಟ್ಬಿಡಿ," ಎಂದ. ಕಣ್ಣು ಮುಚ್ಚಿ ಇಂಜಿನ್ ಆಲಿಸುತ್ತ ಕೂತಿದ್ದ ಹೆಂಡತಿ ಮಾತ್ರ ಗಂಡನ ತೋಳಿನ ಮೇಲೆ ಬೆರಳಿನಿಂದ ಕುಟ್ಟಿದರು: ಟಕ್, ಟಕ್ ಟಕ್.

"ನಂಗೇನೂ ಕೇಳಿಸ್ಲಿಲ್ಲ," ಚಾಲಕ ಸಿಡುಕಿದ.

ಅವನ ತುಟಿ ನೋಡಿ ಮೇಸ್ತ್ರಿ ನಕ್ಕರು. "ನಂಗೂ ಕೇಳಿಸ್ಲಿಲ್ಲಪ್ಪ. ಆದ್ರೂ ಬಿಚ್ಚೋಣ."

ಬಿಚ್ಚಿದ್ದಕ್ಕೇ ಇಂದು ಬೆಳಗ್ಗೆ ಮೂರನೇ ಪಿಸ್ಟನ್ನಿನ ಅಂಚು ಸಿಕ್ಕಿದ್ದು. ಲೇತಿನಲ್ಲಿ ಉಳಿದುಹೋದ ಚೂಪು. ಅದೇ ಕೆಂಪಗೆ ಕಾದು, ಕಿಡಿಗೂ ಮೊದಲೇ ಪೆಟ್ರೋಲು ಹೊತ್ತಿಸಿ, ಕಿಡಿಯ ಕೆಲಸಕ್ಕೆ ಕೈಹಾಕುತ್ತಿತ್ತು.

ಸಂಜೆ ಮತ್ತೆ ಏರು. ಈ ಸಲ ತೋಳಿನ ಮೇಲಿನ ಬೆರಳು ಅಲುಗುವುದೇ ಇಲ್ಲ. ಮೇಲೆ ತಲುಪಿದ ಮೇಲೆ ಹೆಂಡತಿ ಕಣ್ಣು ತೆರೆದು, "ಹಾಯಾಗಿದೆ ರೀ," ಎನ್ನುತ್ತಾರೆ.

ನಿಮಗೇನು ಆಸೆ ಎಂದು ಚೀಟಿಯಲ್ಲಿ ಬರೆದು ಕೇಳಿದರೆ ಮೇಸ್ತ್ರಿ ಆಂಬುಲೆನ್ಸಿನ ಹಿಂಬಾಗಿಲು ತಟ್ಟುತ್ತಾರೆ. "ಇದರಲ್ಲಿ ಮಲಗಿ ಹೋಗೋರಿಗೆ ಇಂಜಿನ್ ಅಂತ ಒಂದಿದೆ ಅನ್ನೋದೇ ನೆನಪಾಗಬಾರದು. ಅಷ್ಟಾದ್ರೆ ಸಾಕು."