ಅಕ್ಕ ಪೋಣಿಸಿದ ಮಣಿಗಳು

ಅರವತ್ತರ ದಶಕದಲ್ಲಿ ಯಶವಂತಪುರದ ನಮ್ಮ ಮನೆಯಿಂದ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಿದ್ದವಳು ಅಕ್ಕ ಒಬ್ಬಳೇ. ಏನು ಕೆಲಸವೆಂದು ಕೇಳಿದರೆ "ಮಣಿ ಪೋಣಿಸ್ತೀನಿ ಕಣೇ" ಅನ್ನುತ್ತಿದ್ದಳು. ಮನೆಯಲ್ಲಿ ಸೂಜಿಗೆ ದಾರ ಹಾಕುವಾಗಲೂ ಉಸಿರು ಬಿಗಿಹಿಡಿಯುತ್ತಿದ್ದಳು. ಪಕ್ಕದಲ್ಲಿ ನಾನು ನಕ್ಕರೆ "ಉಸಿರು ಬಿಡ್ಬೇಡ್ವೇ, ಹಾರೋಗುತ್ತೆ!" ಎಂದು ಗದರುವಳು. ಸೂಜಿ ಎಲ್ಲಾದರೂ ಹಾರುತ್ತದೆಯೇ ಎಂದು ನನಗೆ ಇನ್ನಷ್ಟು ನಗು.

ನನ್ನ ಮದುವೆ ಗೊತ್ತಾದಾಗ ಅಮ್ಮ, "ನಿನ್ ಫ್ಯಾಕ್ಟರಿಯಿಂದ ಇವಳಿಗೊಂದು ಮಣಿಸರ ತಾರೇ" ಅಂದಳು.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದು ಇರುವೆ ಕೊರಳಿಗೂ ಸಾಲಲ್ಲಮ್ಮ!"

ಕೊಡಲು ಮನಸ್ಸಿಲ್ಲವೆಂದು ಅಮ್ಮ ಮುನಿಸಿಕೊಂಡಳು. ನಾನೂ ಹಾಗೆಯೇ ಅಂದುಕೊಂಡೆ.

ಮೊನ್ನೆ ಅಕ್ಕನ ವೈಕುಂಠ ಸಮಾರಾಧನೆಗೆ ಅವಳ ಜೊತೆ ಕೆಲಸ ಮಾಡಿದ್ದ ಹೆಂಗಸೊಬ್ಬರು ಬಂದಿದ್ದರು. ನಾನು ಮಣಿಸರದ ಕಥೆ ಹೇಳಿದೆ. ಆಕೆ ನಗಲಿಲ್ಲ.

"ಆಗಿನ ಕಂಪ್ಯೂಟರ್ ಲೆಕ್ಕಾನೆಲ್ಲ ನೆನಪಿಟ್ಕೊಳ್ತಿದ್ದಿದ್ದೇ ಆ ಮಣಿಗಳಲ್ಲಿ ಕಣ್ರೀ. ಸಾಸಿವೆಗಿಂತ ಸಣ್ಣವು, ಒಂದೊಂದರೊಳಗೂ ತಂತಿ ಹಾಯಿಸ್ಬೇಕು. ಉಸಿರು ತಾಗಿದ್ರೆ ಹಾರೋಗೋವು. ನಮ್ಮ ಫ್ಯಾಕ್ಟರೀಲಿ ಮಾಡಿದ ಮೊದಲನೇ ಕಂಪ್ಯೂಟರಿಗೆ ಪೋಣಿಸಿದ್ದು ನಿಮ್ಮಕ್ಕನೇ. ನಮಗೆಲ್ಲ ಕಲಿಸಿದ್ದೂ ಅವರೇ."

ಅಕ್ಕನ ಫೋಟೋದ ಹಾರ ಒಂದು ಕಡೆ ಜಾರಿತ್ತು. ಆಕೆ ಎದ್ದು ಬೆರಳ ತುದಿಯಲ್ಲಿ ಅದನ್ನು ಸರಿಮಾಡಿದರು. ಅಷ್ಟು ಹೊತ್ತೂ ಉಸಿರು ಬಿಡಲಿಲ್ಲ.

ನಾನೂ ಬಿಡಲಿಲ್ಲ.