ಪರದೆಯ ಹಿಂದಿನ ಕಂಡಕ್ಟರ್

ಬೆಳಿಗ್ಗೆ ಆರೂವರೆ. ಕಾಪುವಿನಿಂದ ಮೊದಲ ಬಸ್ಸು ಹಿಡಿದು ಬಂದ ಹಫೀಝಾ ಮಣಿಪಾಲದ ಆಸ್ಪತ್ರೆಯೊಂದರ ವಾರ್ಡಿನಲ್ಲಿ ರೊಸಾರಿಯೊ ಅವರನ್ನು ಮಗ್ಗುಲಿಗೆ ಹೊರಳಿಸುತ್ತಿದ್ದಾರೆ. ಹೊದಿಕೆ ಸರಿದದ್ದೇ ತಡ, ಅವರ ಕಾಲು ಎಗರುತ್ತದೆ.

“ಕಂಡಿರಾ ಹಫೀಝಕ್ಕ? ಕಾಲು ಬಂತು!”

“ಬಂದದ್ದು ಹೌದು ಡ್ರೈವರೇ. ನಿಮ್ಮನ್ನು ಕೇಳಿ ಬಂತಾ?”

ಆಡಿದ ಮೇಲೆ ಹಫೀಝಾ ನಾಲಿಗೆ ಕಚ್ಚಿಕೊಳ್ಳುತ್ತಾರೆ. ರೊಸಾರಿಯೊ ಗೋಡೆಗೆ ಮುಖ ಮಾಡಿಯಾಗಿದೆ.

ಏಳನೇ ತರಗತಿ ಓದಿದ ಹಫೀಝಾ ಹತ್ತೊಂಬತ್ತು ವರ್ಷದ ಹಿಂದೆ ಇಲ್ಲಿ ಸೇರಿದ್ದು ನೆಲ ಒರೆಸಲು. ಈಗ ಅಟೆಂಡರ್. ಹದಿನಾಲ್ಕು ರೋಗಿಗಳನ್ನು ಎರಡು ಗಂಟೆಗೊಮ್ಮೆ ಹೊರಳಿಸಿ ಹೊರಳಿಸಿ ಅವರ ಸೊಂಟವೇ ಹದಿನೈದನೆಯ ಹಾಸಿಗೆ ಕೇಳುತ್ತಿದೆ. ಡಾಕ್ಟರರ ಕೆಮ್ಮಿನಿಂದ ಲಿಫ್ಟಿನ ಕೀರಲಿನವರೆಗೆ ಅವರಿಗೆ ಅನುಕರಿಸಲು ಬಾರದ ದನಿಯಿಲ್ಲ. ಭಾನುವಾರ ರೊಸಾರಿಯೊರನ್ನು ನೋಡಲು ಬಂದಿದ್ದ ಅವರ ಬಸ್ಸಿನ ಕಂಡಕ್ಟರ್ ಮೌರಿಸನದೂ ಈಗ ಸಂಗ್ರಹದಲ್ಲುಂಟು.

“ಮೊಣಕಾಲಿಗೆ ತಟ್ಟಿದರೆ ಸುದ್ದಿ ಬೆನ್ನುಹುರಿಗೆ ಹೋಗಿ ಅಲ್ಲಿಂದಲೇ ವಾಪಸ್. ತಲೆಯವರೆಗೆ ಹೋಗಿ ಕೇಳಲಿಕ್ಕಿಲ್ಲ. ಸುಮ್ಮನಿರು ಅಂತ ಗದರಿಸುವುದು ತಲೆ. ಆ ಗದರಿಕೆ ಇಳಿಯದಿದ್ದರೆ ಕಾಲಿನ ಕುಣಿತ ಜಾಸ್ತಿ. ಕುಣಿದರೆ ನಡೆದ ಹಾಗಲ್ಲ, ಅಲ್ವಾ?” ಎನ್ನುತ್ತಾರೆ ಹಫೀಝಾ.

ರೊಸಾರಿಯೊ ಕಾರ್ಕಳ–ಉಡುಪಿ ಬಸ್ಸಿನ ಚಾಲಕ. ಹಂಚು ಸರಿಮಾಡಲು ಮನೆಯ ಮಾಡು ಹತ್ತಿ ಬಿದ್ದು ಏಳು ವಾರ. ಬೆನ್ನುಹುರಿ ಪೂರ್ತಿ ತುಂಡಾಗಿಲ್ಲ. ತಲೆಯ ಅಪ್ಪಣೆ ಪಾದಕ್ಕೆ ಇಳಿದರೆ ನಡೆಯುವ ಆಸೆಯುಂಟು. ಇಷ್ಟು ದಿನ ಇಳಿದಿಲ್ಲ.

ಒಂಬತ್ತು ಗಂಟೆಗೆ ಫಿಸಿಯೋಥೆರಪಿಸ್ಟ್ ಲೀನಾ ರೊಸಾರಿಯೊರ ಬಲ ಅಂಗಾಲಿಗೆ ಅಂಗೈ ಕೊಟ್ಟು ಕೂರುತ್ತಾರೆ. “ಒತ್ತಿ.”

“ಎಂತ ಮಾಡಿದರೂ ಅಷ್ಟೇ ಮೇಡಂ. ಬಿಡಿ.”

ಆಗ ಪರದೆಯ ಹಿಂದಿನಿಂದ ಕಂಡಕ್ಟರನ ದನಿ: “ಹೋಲ್ಡನ್! ಹೋಲ್ಡನ್! ಅಜ್ಜಿ ಇಳಿಯಲಿಕ್ಕುಂಟು ಮಾರಾಯ!”

ಪಾದ ಲೀನಾರ ಅಂಗೈಯನ್ನು ಒತ್ತುತ್ತದೆ. ಬೆಚ್ಚಿದ್ದಿರಬಹುದೇ? ಲೀನಾ ಅಂಗೈ ಕದಲಿಸುವುದಿಲ್ಲ.

“ರೈಟ್, ಪೋಯಿ!”

ಬಸ್ಸು ಹೊರಡಿಸುವ ಆ ಕೂಗಿಗೆ ಪಾದ ಸಡಿಲ.

“ಈಗ ಯಾರೂ ಕೂಗುವುದಿಲ್ಲ,” ಲೀನಾ ಮೆಲ್ಲಗೆ ಹೇಳುತ್ತಾರೆ. “ನೀವೇ ಬ್ರೇಕ್ ಹಾಕಿ.”

ರೊಸಾರಿಯೊ ಕಣ್ಣು ಮುಚ್ಚುತ್ತಾರೆ. ಬಲ ಸಾಲದು, ನಡುಕವೂ ಉಂಟು. ಆದರೂ ಪಾದ ಒತ್ತುತ್ತದೆ. ಇದು ಅವರನ್ನು ಕೇಳಿ ಬಂದದ್ದು.

ಪರದೆ ಸರಿಸಿ ಹಫೀಝಾ ಇಣುಕುತ್ತಾರೆ.

“ನೀವಾ! ಮೌರಿಸನೇ ಬಂದ ಅಂತ ನಾನು ಗ್ರಹಿಸಿದ್ದು!”

“ಒಂದು ದಿನ ನಿಮ್ಮ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋಗಬೇಕು ಡ್ರೈವರೇ. ನನಗೆ ಅಷ್ಟು ಸಾಕು.”

“ಬನ್ನಿ. ಬಾಯಿ ಮುಚ್ಚಿ ಕೂರಬೇಕು. ಇಲ್ಲದಿದ್ದರೆ ಬಸ್ಸು ಕಾರ್ಕಳ ಮುಟ್ಟಲಿಕ್ಕಿಲ್ಲ!”

ವಾರ್ಡಿಗೆ ವಾರ್ಡೇ ನಗುತ್ತದೆ. ಎಲ್ಲರಿಗಿಂತ ಜೋರಾಗಿ ರೊಸಾರಿಯೊ. ನಕ್ಕ ರಭಸಕ್ಕೆ ಎಡಗಾಲು ತಾನಾಗಿ ಎಗರುತ್ತದೆ.

“ಅದು ನನ್ನದಲ್ಲ ಹಫೀಝಕ್ಕ!” ಕಣ್ಣೊರೆಸಿಕೊಂಡು ಬಲಪಾದ ತೋರಿಸುತ್ತಾರೆ. “ಇದು ನನ್ನದು.”