ತಾತನ ಕಾರು ಕ್ಲೀವ್‌ಲ್ಯಾಂಡಿಗೆ ಹೋದದ್ದು

ಮಾರ್ಲಾ ಹುಡಾಕ್ ಯಂಗ್ಸ್‌ಟೌನಿನ ಒಂದು ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ಸೌಟು ಹಿಡಿದವಳು. ಯಾವ ಮಗು ಬಟಾಣಿ ಬಿಡುತ್ತದೆ, ಯಾವುದು ಬೆಳಗ್ಗೆ ಏನೂ ತಿನ್ನದೆ ಬಂದಿದೆ ಎಂಬುದು ತಟ್ಟೆ ಚಾಚಿದ ಕೈ ನೋಡಿದರೇ ಅವಳಿಗೆ ಗೊತ್ತಾಗುತ್ತಿತ್ತು. ಹೆತ್ತ ಮಗನ ವಿಷಯ ಗೊತ್ತಾಗುವುದಕ್ಕೆ ಮಾತ್ರ ಎರಡು ವರ್ಷ ತಡವಾಯಿತು.

ಗಂಡ ಬಿಟ್ಟುಹೋದ ಮೇಲೆ ಅವಳು ಮಗ ಡೇರಿನ್‌ನನ್ನು ಕರೆದುಕೊಂಡು ಅಪ್ಪನ ಮನೆ ಸೇರಿದ್ದಳು. ಅಪ್ಪ ಆಂಡ್ರ್ಯೂ ಉಕ್ಕಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವನು. ಬದುಕಿನಲ್ಲಿ ಅವನು ಮಾಡಿದ್ದು ಒಂದೇ ಶೋಕಿ: ಕಡುನೀಲಿ ಬಣ್ಣದ, ಮಂಚದಷ್ಟು ಅಗಲ ಸೀಟಿನ ಕ್ಯಾಡಿಲಾಕ್ ಕಾರು. ಭಾನುವಾರದ ಪೂಜೆಗೆ, ಸಾವಿನ ಮನೆಗಳಿಗೆ ಬಿಟ್ಟರೆ ಅದು ಹೊರಗೆ ಬರುತ್ತಿರಲಿಲ್ಲ. ಚಳಿಗಾಲದಲ್ಲಿ ಹಿಮ ಕರಗಲೆಂದು ಉಪ್ಪು ಚೆಲ್ಲಿದ ರಸ್ತೆಗಂತೂ ಇಳಿಯುತ್ತಲೇ ಇರಲಿಲ್ಲ. ಅದರ ಸ್ಟೀರಿಂಗನ್ನು ಬೇರೆಯವರ ಕೈಗೆ ಕೊಟ್ಟಿದ್ದೆಂದರೆ ಮೊಮ್ಮಗನಿಗೆ ಮಾತ್ರ. ಚರ್ಚಿನ ಖಾಲಿ ಅಂಗಳದಲ್ಲಿ ಹದಿನಾರರ ಡೇರಿನ್ ಸುತ್ತು ಹೊಡೆಯುತ್ತಿದ್ದರೆ ಮುದುಕ ಪಕ್ಕದಲ್ಲಿ ಕೂತು, "ನಿಧಾನ ಕಣೋ, ಹಾಲು ತುಂಬಿದ ಪಾತ್ರೆ ಹಿಡ್ಕೊಂಡಿದೀಯ ಅನ್ಕೋ" ಎನ್ನುತ್ತಿದ್ದ.

ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವಾಗ ಡೇರಿನ್‌ನ ಬೆನ್ನು ಹೋಯಿತು. ಮೊದಲು ನೋವಿನ ಮಾತ್ರೆ, ಆಮೇಲೆ ಮಾತ್ರೆ ಸಾಲದೆ ಮಾದಕದ ಸೂಜಿ. ಅಜ್ಜಿಯ ಉಂಗುರ ಕಾಣೆಯಾಯಿತು, ತಾತನ ಗಡಿಯಾರ ಹೋಯಿತು. ಮುದುಕ ಬಾಗಿಲಿಗೆ ಹೊಸ ಬೀಗ ಹಾಕಿಸಿದ. ಒಂದು ನವೆಂಬರ್ ಸಂಜೆ ಡೇರಿನ್ ಬಂದು ಬಾಗಿಲು ತಟ್ಟಿದಾಗ ಮಾರ್ಲಾ ಒಳಗಡೆ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಳು.

"ತೆಗೀಬೇಡ," ಎಂದ ಅಪ್ಪ ಹಿಂದಿನಿಂದ. "ತೆಗೆದ್ಯೋ, ನೀನೂ ಅವನ ಜೊತೆ ನಡಿ."

"ಅಮ್ಮಾ," ಎಂದ ಹೊರಗಿನವನು, "ನೀ ಅಲ್ಲೇ ನಿಂತಿದೀಯ ಅಂತ ನಂಗೊತ್ತು."

ಅವಳು ತೆಗೆಯಲಿಲ್ಲ.

ಒಂದು ವರ್ಷದ ನಂತರ ಕ್ಲೀವ್‌ಲ್ಯಾಂಡಿನ, ಮನೆಯಿಲ್ಲದವರ ಆಶ್ರಯಧಾಮವೊಂದರಿಂದ ಅವನ ಫೋನು ಬಂತು. ಮಲಗುವುದಕ್ಕೆ ಜಾಗ ಸಿಕ್ಕಿದೆ, ಯೋಚನೆ ಮಾಡಬೇಡ ಅಂದ. ಅಷ್ಟೇ. ಆಮೇಲೆ ಐದು ವರ್ಷ ಸುದ್ದಿಯಿಲ್ಲ. ಮಾರ್ಲಾ ಆ ಧಾಮಕ್ಕೆ ಎಷ್ಟೋ ಸಲ ಫೋನು ಮಾಡಿದಳು. ಇಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಹೇಳುವಂತಿಲ್ಲ ಎಂಬ ಉತ್ತರವೇ ಪ್ರತಿ ಸಲವೂ. ಅಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದ. ಅವನನ್ನು ಬಿಟ್ಟು ಅರ್ಧ ದಿನ ಆಚೆ ಹೋಗುವ ಹಾಗಿರಲಿಲ್ಲ.

ಅಪ್ಪ ಸತ್ತ ಮೇಲೆ ಉಯಿಲಿನ ಪ್ರಕಾರ ಮನೆ ಮಾರಾಟವಾಯಿತು. ಕಾರು ಉಳಿಯಿತು. ಅರಿಜೋನಾದಿಂದ ತಮ್ಮ ವೇಯ್ನ್ ಫೋನು ಮಾಡಿದ.

"ಅಕ್ಕಾ, ಆ ಹಡಗನ್ನ ಯಾರು ತಗೋತಾರೆ? ಯಾವುದಾದ್ರೂ ಧರ್ಮಸಂಸ್ಥೆಗೆ ಹೇಳು, ಮನೆಬಾಗಿಲಿಗೇ ಬಂದು ಎಳ್ಕೊಂಡು ಹೋಗ್ತಾರೆ. ನಿಂಗ್ಯಾಕೆ ತಾಪತ್ರಯ."

"ಯಾವುದಕ್ಕೆ ಅಂತ ನಾನೇ ನೋಡ್ತೀನಿ," ಎಂದಳು.

ಅವಳು ಆರಿಸಿದ್ದು ಕ್ಲೀವ್‌ಲ್ಯಾಂಡಿನ ಅದೇ ಧಾಮವನ್ನು. ಕಾರು ತಂದುಕೊಟ್ಟವಳನ್ನು ಒಳಗೆ ಕರೆದು ಕೂರಿಸುತ್ತಾರೆ, ಕಾಫಿ ಕೊಡುತ್ತಾರೆ, ಕೇಳಿದ್ದಕ್ಕೆ ಒಂದು ಮಾತಾದರೂ ಹೇಳುತ್ತಾರೆ ಎಂದು ಲೆಕ್ಕ ಹಾಕಿದ್ದಳು. ಎಳೆದೊಯ್ಯುವ ಲಾರಿ ಬೇಡ, ನಾನೇ ಓಡಿಸಿಕೊಂಡು ಬರುತ್ತೇನೆ ಎಂದು ಹಠ ಹಿಡಿದು ವಿಳಾಸ ತೆಗೆದುಕೊಂಡಳು.

ವಿಳಾಸ ಕರೆದೊಯ್ದದ್ದು ವಿಮಾನ ನಿಲ್ದಾಣದ ಹಿಂದಿನ ಬಯಲಿಗೆ. ತಂತಿಬೇಲಿಯೊಳಗೆ ನೂರಾರು ಹಳೇ ಕಾರುಗಳು. ಕಾವಲಿದ್ದ ಡ್ವೇನ್ ಎಂಬಾತ ಕ್ಯಾಡಿಲಾಕನ್ನು ಒಂದು ಸುತ್ತು ಬಂದು ಸಿಳ್ಳೆ ಹಾಕಿದ. "ಏನಮ್ಮಾ, ಮದುವೆ ಹೆಣ್ಣಿನ ಥರ ಇಟ್ಕೊಂಡಿದೀರಲ್ಲ!"

"ಆಶ್ರಯಧಾಮದೋರು ಎಲ್ಲಿ?"

"ಅವ್ರು ಇಲ್ಲಿಗೆ ಬರಲ್ಲಮ್ಮ. ಇವೆಲ್ಲ ಹರಾಜಿಗೆ ಹೋಗ್ತವೆ. ಅವರಿಗೆ ಚೆಕ್ ಹೋಗುತ್ತೆ, ಅಷ್ಟೇ. ಯಾರ ಕಾರು, ಯಾರು ಕೊಟ್ರು, ಅದೊಂದೂ ಅವರಿಗೆ ತಿಳಿಯೋದಿಲ್ಲ."

ಮಾರ್ಲಾ ಕಾಗದಕ್ಕೆ ಸಹಿ ಹಾಕಿದಳು. ಇದು ಮಾತ್ರ ನಿಮ್ಮ ಹತ್ರಾನೇ ಇರ್ಬೇಕು ಎಂದು ಡ್ವೇನ್ ನಂಬರ್ ಪ್ಲೇಟ್ ಬಿಚ್ಚಿ, ಪ್ಯಾಂಟಿಗೆ ಒರೆಸಿ ಅವಳ ಕೈಗಿತ್ತ. ಎರಡು ಬಸ್ಸು ಬದಲಾಯಿಸಿ ಅವಳು ಧಾಮ ತಲುಪಿದಾಗ ಮಧ್ಯಾಹ್ನದ ಊಟಕ್ಕೆ ಗಂಡಸರು ಹೊರಗೆ ಸಾಲುಗಟ್ಟಿದ್ದರು. ಒಂದೊಂದೇ ಮುಖ ನೋಡುತ್ತ ಬಾಗಿಲವರೆಗೆ ನಡೆದಳು. ಕೆಲವರು ನಕ್ಕರು, ಒಬ್ಬ ಮುಖ ತಿರುಗಿಸಿದ. ಆ ಒಬ್ಬನಿಗಾಗಿ ಮತ್ತೆ ಹಿಂದಕ್ಕೆ ಬಂದು ನೋಡಿದಳು. ಡೇರಿನ್ ಅಲ್ಲ.

ಮೇಜಿನ ಹಿಂದಿದ್ದ ಯೊಲಾಂಡಾ, ಮಾರ್ಲಾ ಚಾಚಿದ ಮಗನ ಫೋಟೋವನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. "ತೋರಿಸ್ಬೇಡಿ ತಾಯಿ. ನೋಡಿದ್ರೆ ನನ್ನ ಮುಖದಲ್ಲೇ ನಿಮಗೆ ಗೊತ್ತಾಗ್ಬಿಡುತ್ತೆ. ನಾನು ಹೇಳೋ ಹಾಗಿಲ್ಲ."

"ಬದುಕಿದಾನಾ ಅಂತ ಮಾತ್ರ."

"ಒಂದು ಕಾಗದ ಬರೆದಿಡಿ. ಆ ಹಲಗೆಗೆ ಚುಚ್ಚಿ. ಇಲ್ಲಿದ್ರೆ ನೋಡ್ತಾನೆ."

ಹಲಗೆಯ ತುಂಬ ಲಕೋಟೆಗಳಿದ್ದವು. ಒಂದರ ಮೇಲೊಂದು, ಹೆಸರುಗಳು ಬಿಸಿಲಿಗೆ ಬಣ್ಣಗೆಟ್ಟು. ಮಾರ್ಲಾ ಬೆಂಚಿನ ಮೇಲೆ ಕೂತು ಬರೆದಳು: ತಾತ ಹೋದರು. ಕಾರು ಕೊಟ್ಟುಬಿಟ್ಟೆ. ಅವತ್ತು ನಾನು ಅಲ್ಲೇ ನಿಂತಿದ್ದೆ. 'ಮನೆಗೆ ಬಾ' ಎಂದು ಬರೆಯಹೋಗಿ ತಡೆದಳು. ಮನೆಯೇ ಇರಲಿಲ್ಲ. ಲಾಂಡ್ರಿ ಅಂಗಡಿಯ ಮೇಲಿನ ತನ್ನ ಬಾಡಿಗೆ ಕೋಣೆಯ ವಿಳಾಸ ಬರೆದು, ಲಕೋಟೆಗೆ ಹಾಕಿ ಹಲಗೆಗೆ ಚುಚ್ಚಿದಳು.

ಮಾರ್ಚಿನಲ್ಲಿ ಅವಳು ಮತ್ತೆ ಬಸ್ಸು ಹತ್ತಿ ಹೋದಳು. ಹಲಗೆಯ ಮೇಲೆ ಅವಳ ಲಕೋಟೆ ಇರಲಿಲ್ಲ. ಅವಳು ಮೇಜಿನ ಬಳಿಗೆ ಓಡಿದಳು.

"ತಗೊಂಡಿದಾನೆ! ತಗೊಂಡಿದಾನಲ್ವಾ?"

ಯೊಲಾಂಡಾ ಕಣ್ಣು ತಗ್ಗಿಸಿದಳು. "ಮೂರು ತಿಂಗಳಿಗೊಂದು ಸಲ ಹಲಗೆ ಖಾಲಿ ಮಾಡ್ತೀವಿ ತಾಯಿ," ಎಂದು ಮೇಜಿನ ಕೆಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ಎತ್ತಿಟ್ಟಳು. ಮಾರ್ಲಾ ಹುಡುಕಿದಳು. ನಡುವಲ್ಲಿ ಎಲ್ಲೋ ಅವಳ ಲಕೋಟೆ ಇತ್ತು, ಅಂಟು ಬಿಡಿಸದೆ.

"ಹೊಸದು ಬರೀತೀರಾ?"

"ಬರೆಯೋಕೆ ಹೊಸದೇನಿದೆ," ಎಂದಳು ಮಾರ್ಲಾ. ಹಳೆಯದನ್ನೇ ತೆಗೆದುಕೊಂಡು ಹೋಗಿ, ಹಲಗೆಯಲ್ಲಿ ಬಾಗಿಲಿಗೆ ಹತ್ತಿರದ ಜಾಗ ನೋಡಿ ಚುಚ್ಚಿದಳು. ಸಾಲಿನಲ್ಲಿದ್ದವರು ಅವಳನ್ನು ಸುತ್ತಿ ಹಾದು ಒಳಗೆ ಹೋಗುತ್ತಿದ್ದರು. ಒಬ್ಬನೂ ಹಲಗೆಯ ಕಡೆ ನೋಡಲಿಲ್ಲ.